ಗೆರೆಯ ಹೊರಗುಳಿದ ಹತ್ತೊಂಬತ್ತು ಮನೆಗಳು

೨೦೦೫ರ ಜೂನ್ ೧೩, ಸೋಮವಾರ, ಬೆಳಿಗ್ಗೆ ೯-೪೦. ನಕ್ಷೆಯ ತಂತ್ರಾಂಶ ತಯಾರಿಸುವ ಖಾಸಗಿ ಕಚೇರಿಯ ಮಾಲೀಕ ರಾಜಕುಮಾರ ಏದುಸಿರು ಬಿಡುತ್ತ ಬಾಗಲಕೋಟೆ ನವನಗರದ ಠಾಣೆಗೆ ಬಂದ. ಅವನ ಕಚೇರಿಯ ಸರ್ವರ್ ಕಂಪ್ಯೂಟರ್ ಕಳುವಾಗಿತ್ತು.

"ಅದರಾಗ ಏನೈತಿ?" ಪಿಎಸ್‌ಐ ಬೀರಲಿಂಗ ಕೇಳಿದ.

"ಡ್ಯಾಮಿನ ಹಿನ್ನೀರು ಎಲ್ಲೀತನ ಮುಳಗಸತೈತಂತ ಗೆರಿ ಎಳಿಯೋ ಪ್ರೋಗ್ರಾಮ್ ಐತ್ರಿ. ಗೆರಿ ಒಳಗ ಬಂದ ಮನಿಗೆ ಇಲ್ಲಿ ಸೈಟು, ಹೊರಗ ಉಳಿದ್ರ ಏನೂ ಇಲ್ಲ. ಶುಕ್ರವಾರ ಸರ್ಕಾರಕ್ಕ ಪಟ್ಟಿ ಕೊಡಬೇಕ್ರಿ. ಇಲ್ಲಂದ್ರ ನಾ ಸತ್ತೆ."

ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಗೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ಆರು ಹೊಸ ಕಂಪ್ಯೂಟರುಗಳು ಇದ್ದಲ್ಲೇ ಇದ್ದವು.

"ಹೊಸಾವು ಬಿಟ್ಟು ಹಳೇದು ಒಯ್ದಾನಂದ್ರ ಕಳ್ಳಗ ಕನ್ನಡಕ ಬೇಕ್ರಿ ಸಾಹೇಬ್ರ," ಎಂದ ಪೇದೆ ಅಲ್ಲಾಸಾಬ.

ಬೀರಲಿಂಗ ನಗಲಿಲ್ಲ. ಕಳ್ಳನಿಗೆ ಬೇಕಾಗಿದ್ದದ್ದು ಪೆಟ್ಟಿಗೆಯಲ್ಲ, ಅದರ ಒಳಗಿನದು. ಮಾಲೀಕನನ್ನು ಹೊರಗೆ ಕೂರಿಸಿ, ಪ್ರೋಗ್ರಾಮಿನ ಪರೀಕ್ಷೆಯ ಕೆಲಸ ನೋಡುತ್ತಿದ್ದ ಸುನಿತಾಳನ್ನು ಕರೆಸಿದ.

"ಆರು ತಿಂಗಳದಿಂದ ಹೊಸ ಪದ್ಧತಿ ಸರ್. ಯಾರು ಯಾವ ಸಾಲು ತಿದ್ದಿದ್ರು, ಯಾವಾಗ, ಯಾಕ, ಎಲ್ಲಾ ಅವರ ಹೆಸರಿನ ಮ್ಯಾಲ ಸರ್ವರ್‌ನ್ಯಾಗ ಉಳೀತೈತಿ."

"ಕುರಿ ಕಿವಿಗೆ ಕಚ್ಚು ಹಾಕಿದಂಗ," ಎಂದ ಬೀರಲಿಂಗ. ಅವನ ಮನೆಯ ಕುರಿಗಳಿಗೆಲ್ಲ ಎಡಗಿವಿಯಲ್ಲಿ ಗುರುತಿನ ಕಚ್ಚು ಇತ್ತು. "ಮುಂದ?"

"ಜೂನ್ ಒಂದಕ್ಕ ಪ್ರೋಗ್ರಾಮಿಗೆ ಬೀಗ. ಆಮ್ಯಾಲೆ ಪ್ರೋಗ್ರಾಮಿನ ಒಂದು ಅಕ್ಷರನೂ ಯಾರೂ ಮುಟ್ಟಂಗಿಲ್ಲ. ಕಡೀಕ ಅವಸರದಾಗ ಕೆಡಸಬಾರದಂತ. ಛಲೋ ಪದ್ಧತಿನ ಸರ್. ಆದ್ರ ನನ್ನ ಪರೀಕ್ಷೆ ಮುಗಿದದ್ದು ಮೂರನೇ ತಾರೀಖ."

"ಏನು ಸಿಕ್ತು?"

ಅವಳು ಬಾಗಿಲ ಕಡೆ ನೋಡಿದಳು. "ಹಳೇ ನಕ್ಷೆ ಹಾಳಿ ಹೊಸ ಸರ್ವೆ ಮ್ಯಾಲ ಕೂಡಸಾಕ ಒಂದಿಷ್ಟು ಸರಸಬೇಕು. ಒಂದು ಹಾಳ್ಯಾಗ ಸರಸೋ ಅಂಕಿ ಕಳಿಯೋದು ಬಿಟ್ಟು ಕೂಡಿಸ್ಯಾರ, ಮೈನಸ್ ಇರಬೇಕಾದಲ್ಲಿ ಪ್ಲಸ್. ಹತ್ತೊಂಬತ್ತು ಮನಿ ಗೆರಿ ಹೊರಗ ಬಿದ್ದಾವ. ಖರೆ ಅಂದ್ರ ನೀರಾಗ ಹೋಗೋ ಮನಿ ಅವು."

"ಬರದವರು ಯಾರು?"

"ಶ್ರೀಧರ. ಇವತ್ತ ಬಂದಿಲ್ಲ."

ರಾಜಕುಮಾರನನ್ನು ಮತ್ತೆ ಒಳಗೆ ಕರೆದದ್ದಾಯಿತು.

"ಬೀಗ ಅಂದ್ರ ಬೀಗ್ರಿ. ನಮ್ಮ ಕಚೇರಿಗೆ ಗುಣಮಟ್ಟದ ಪ್ರಮಾಣಪತ್ರ ಕೊಡೋರು ಮೊದಲು ಅದನ್ನ ನೋಡತಾರ. ಶ್ರೀಧರ ಮೂರು ಸಲ ಬಂದು ಗೋಗರದ. ಮುಂದಿನ ಆವೃತ್ತ್ಯಾಗ ತಿದ್ದೂಣು ಅಂದೆ."

"ಅದು ಯಾವಾಗ?"

"ಬರೋ ವರ್ಷ."

"ನೀರು ಯಾವಾಗ ಬರತೈತಿ?"

ರಾಜಕುಮಾರ ಶ್ರೀಧರನ ವಿಳಾಸ ಬರೆದುಕೊಟ್ಟ.

ಶ್ರೀಧರನ ಬಾಡಿಗೆ ಕೋಣೆಗೆ ಬೀಗ ಬಿದ್ದಿತ್ತು. ಮನೆಯೊಡತಿ ಲಾಲಬಿ ಹೇಳಿದಳು: "ಆದಿತ್ಯವಾರ ಮುಂಜಾನೆ ಗೋಣಿಚೀಲ ಹೊತ್ಕೊಂಡು ಇಳಕಲ್ ಬಸ್ಸಿಗೆ ಹೋದ. ಮಗ್ಗದ ಸಾಮಾನಂತ. ಕೂಸಿನಂಗ ಎದಿಗೆ ಹಚ್ಚಿ ಹಿಡಿದಿದ್ದ ನೋಡ್ರಿ."

ಜೂನ್ ೧೪, ಮಂಗಳವಾರ, ೧೧-೨೦. ಇಳಕಲ್‌ನಲ್ಲಿ ಶ್ರೀಧರನ ಕಾಕಾ ಶಿವಸಂಗಪ್ಪನ ಮನೆ. ಮುಂದಿನ ಖೋಲಿಯಲ್ಲಿ ಮಗ್ಗ ಬಡಿಯುತ್ತಿತ್ತು. ಹಿಂದಿನ ಖೋಲಿಯಲ್ಲಿ ಎರವಲು ತಂದ ಮಾನಿಟರ್ ಎದುರು ಶ್ರೀಧರ ಕೂತಿದ್ದ. ಖಾಕಿ ಕಂಡರೂ ಏಳಲಿಲ್ಲ.

"ಸಾಹೇಬ್ರ, ಕೈ ಮುಗೀತೇನಿ. ಎರಡು ತಾಸು ಕೊಡ್ರಿ. ಆಮ್ಯಾಲೆ ಬೇಡಿ ಹಾಕ್ರಿ."

"ಒಂದು ಚಿಹ್ನೆ ತಿದ್ದಾಕ ಎರಡು ದಿನ ಸಾಲಲಿಲ್ಲೇನಲೇ?"

"ತಿದ್ದೂದು ಒಂದು ನಿಮಿಷರಿ. ಅದರಿಂದ ಉಳಿದ ನಾಲ್ಕು ಸಾವಿರ ಮನಿ ಕೆಟ್ಟಿಲ್ಲಂತ ನೋಡಬೇಕಲ್ರಿ? ಹಿಂದ ನೋಡದ ಬಿಟ್ಟಿದ್ದಕ್ಕ ಇದಾತು."

ಬೀರಲಿಂಗ ಗಡಿಯಾರ ನೋಡಿಕೊಂಡ. ಜಪ್ತಿಗೆ ಸಾಕ್ಷಿಯಾಗಿ ಕರೆತಂದ ಪಂಚರಿಬ್ಬರೂ ಬಾಗಿಲಲ್ಲಿ ನಿಂತಿದ್ದರು. ಪೊಲೀಸರು ಬಂದ ಮೇಲೂ ಆರೋಪಿಯ ಕೈ ಕದ್ದ ಮಾಲಿನ ಮೇಲಿದ್ದರೆ ನಾಳೆ ನ್ಯಾಯಾಲಯದಲ್ಲಿ ಬೀರಲಿಂಗನೇ ಉತ್ತರ ಹೇಳಬೇಕು. ತಾನು ಹೆದರಿದ್ದು ತನಗೇ ಗೊತ್ತಾಯಿತು.

"ಏಳು," ಎಂದ.

ಅಲ್ಲಾಸಾಬ ಪ್ಲಗ್ ಕಿತ್ತ. ಪರದೆ ಕಪ್ಪಾಯಿತು. ಶ್ರೀಧರ ಕೂತಲ್ಲೇ ತಲೆ ಬಡಿದುಕೊಂಡ. ೧೧-೩೫ಕ್ಕೆ ದಸ್ತಗಿರಿ.

ಗುರುವಾರ ನ್ಯಾಯಾಲಯ ಮುಚ್ಚಳಿಕೆ ಬರೆಸಿಕೊಂಡು ಯಂತ್ರವನ್ನು ರಾಜಕುಮಾರನ ವಶಕ್ಕೆ ಕೊಟ್ಟಿತು. ಶುಕ್ರವಾರ ಸಂಜೆ ಸುನಿತಾ ಠಾಣೆಗೆ ಬಂದಳು.

"ಪಟ್ಟಿ ಸರ್ಕಾರಕ್ಕ ಹೋತ್ರಿ ಸರ್. ಶ್ರೀಧರ ತಿದ್ದಿದ್ದನ್ನ ಮಾಲೀಕ್ರು ತಗಸಿದ್ರು. ಒಂದ ಆಜ್ಞೆಗೆ ಜೂನ್ ಒಂದರ ಪ್ರತಿ ಇದ್ದಂಗ ವಾಪಸ್ ಬಂತು. ನಮ್ಮ ಹೊಸ ಪದ್ಧತಿ ಇರೋದ ಅದಕ್ಕಲ್ರಿ."

"ಹತ್ತೊಂಬತ್ತು ಮನಿ?"

"ಹೊರಗ."

ಆರೋಪಿಯ ಹೇಳಿಕೆ ಒಂದೂವರೆ ಪುಟವಿತ್ತು. ಮಾರ್ಚ್‌ನಲ್ಲಿ ಅಳತೆಗೆ ಹೋದಾಗ ಆ ಹತ್ತೊಂಬತ್ತು ಮನೆಗಳ ಓಣಿಯ ಪದ್ಮವ್ವ ಎಂಬಾಕೆ, ನಮ್ಮ ಮನಿ ಪಟ್ಟ್ಯಾಗ ಬರತೈತೇನಪ್ಪ ಎಂದು ಕೇಳಿದ್ದಳು. ಬರತೈತವ್ವಾ ಎಂದು ಇವನು ಹೇಳಿದ್ದ. ಅವಳು ಆ ಮಾತು ನಂಬಿ ಬೇರೆಲ್ಲೂ ಅರ್ಜಿ ಕೊಟ್ಟಿರಲಿಲ್ಲ.

ದೋಷಾರೋಪ ಪಟ್ಟಿ ಬರೆಯುವಾಗ ಅಲ್ಲಾಸಾಬ ಕೇಳಿದ, "ಕೃತ್ಯದ ಉದ್ದೇಶ ಏನಂತ ಬರೀಲ್ರಿ ಸಾಹೇಬ್ರ? ಸ್ವಂತ ಲಾಭ?"

ಬೀರಲಿಂಗ ಕಾಗದ ತನ್ನ ಕಡೆ ಎಳೆದುಕೊಂಡು ತಾನೇ ಬರೆದ: ತನ್ನ ತಪ್ಪನ್ನು ತಿದ್ದುವುದು.