ಬೇಕಂತ ಆಡಿದ ಚೆಂಡು

ಅಮಸಿದ್ದಪ್ಪ ಸೀಟಿ ಊದಿದಾಗ ಕೆರೂರಿನ ಹುಡುಗರು ಆಗಲೇ ಒಬ್ಬರನ್ನೊಬ್ಬರು ಎತ್ತಿಕೊಂಡು ಕುಣಿಯುತ್ತಿದ್ದರು. ಚೆಂಡು ಗೋಲಿನ ಬಲೆಯೊಳಗೆ ಸುಮ್ಮನೆ ಬಿದ್ದಿತ್ತು. ಆಟ ಮುಗಿಯಲು ಹೆಚ್ಚು ಹೊತ್ತು ಉಳಿದಿರಲಿಲ್ಲ.

ಅವನು ಕೈ ಮೇಲೆತ್ತಿ ನಿಂತ. ಆಫ್‌ಸೈಡ್. ಗೋಲು ಇಲ್ಲ.

ಅದು ಎಂಬತ್ತೊಂದನೆಯ ಇಸವಿ, ಬಾಗಲಕೋಟೆಯ ಬಯಲು. ಅಮಸಿದ್ದಪ್ಪ ಹುನಗುಂದದ ಹೈಸ್ಕೂಲಿನ ಡ್ರಿಲ್ ಮಾಸ್ತರ. ರಾಮಥಾಳದ ಕುರಿ ಕಾಯುವ ಮನೆಯಿಂದ ಬಂದವನು, ಮಾತು ಕಡಿಮೆ. ಸುತ್ತಲಿನ ಪಂದ್ಯಗಳಿಗೆ ಅವನನ್ನೇ ರೆಫರಿಯಾಗಿ ಕರೆಯುತ್ತಿದ್ದರು, ಯಾಕೆಂದರೆ ಅವನು ಯಾವ ಊರಿನವರ ಚಹಾವನ್ನೂ ಆಟಕ್ಕೆ ಮೊದಲು ಕುಡಿಯುತ್ತಿರಲಿಲ್ಲ.

ಜನ ಗೆರೆ ದಾಟಿ ಒಳಗೆ ನುಗ್ಗಿದರು. ಮುಂದೆ ಬಂದವನು ಗುರಪ್ಪ. ಪ್ರಾಯದಲ್ಲಿ ಹುಬ್ಬಳ್ಳಿಯಲ್ಲಿ ಫುಟ್‌ಬಾಲ್ ಆಡಿ ಹೆಸರು ಮಾಡಿ, ಈಗ ಕೆರೂರಿನ ಹುಡುಗರಿಗೆ ಆಟ ಕಲಿಸುವವನು. ಗೋಲು ಹೊಡೆದ ಯಂಕಪ್ಪ ಅವನ ಮಗ.

"ಏ ಮಾಸ್ತರ, ಚೆಂಡು ಅವರ ಬ್ಯಾಕಿನ ಕಾಲಿಗೆ ತಾಗಿ ಹೋಗೈತಿ. ಎದುರಿನಾವಗ ತಾಗಿದ ಮ್ಯಾಲ ಎಲ್ಲೀ ಆಫ್‌ಸೈಡು?"

"ತಾಗೈತ್ರಿ, ಕಾಕಾರ. ನಾನೂ ನೋಡೇನಿ. ಈಗ ಬರೇ ತಾಗಿದ್ರ ಸಾಲೂದಿಲ್ರಿ."

"ಯಾವಾಗಿಂದ?"

"ಮೂರು ವರ್ಷ ಆತ್ರಿ ಕಾಯ್ದೆ ಬದಲಾಗಿ."

"ಕೆರೂರಿಗೆ ಇನ್ನೂ ಬಂದಿಲ್ಲಲ್ಲ," ಎಂದ ಗುರಪ್ಪ.

ಸುತ್ತಲೂ ನಗೆ ಎದ್ದಿತು. ಗುರಪ್ಪ ನಗಲಿಲ್ಲ. ಆ ಹೊಡೆತ ಹುಟ್ಟಿಸಿದವನು ಅವನೇ. ಎದುರಿನ ಬ್ಯಾಕಿನ, ಅಂದರೆ ಹಿಂದೆ ನಿಂತು ಗೋಲು ಕಾಯುವ ಆಟಗಾರನ, ಮೊಣಕಾಲ ಕೆಳಗೆ ಗುರಿಯಿಟ್ಟು ಚೆಂಡು ಬಡಿಯುವುದು. ಅದು ಪುಟಿದು ಹೋಗುವಲ್ಲಿ ತಮ್ಮವನೊಬ್ಬ ಮೊದಲೇ ಒಂಟಿಯಾಗಿ ನಿಂತಿರುವುದು. ಎದುರಾಳಿಗೆ ತಾಗಿದರೆ ಆಫ್‌ಸೈಡ್ ಇಲ್ಲವೆಂಬ ಹಳೆಯ ಕಾಯ್ದೆಯ ಮೇಲೆ ಕಟ್ಟಿದ ಉಪಾಯ. ಜನ ಅದನ್ನು 'ಗುರಪ್ಪನ ಹೊಡತ' ಎಂದೇ ಕರೆಯುತ್ತಿದ್ದರು. ಒಬ್ಬ ಮನುಷ್ಯನ ಹೆಸರಿನ ಉಪಾಯವನ್ನು ಹತ್ತೂರ ಮಂದಿಯ ಎದುರು ಇಲ್ಲವೆನ್ನುವುದು ಸಣ್ಣ ಮಾತಲ್ಲ. ಅಮಸಿದ್ದಪ್ಪನಿಗೂ ಅದು ಗೊತ್ತಿತ್ತು. ಅವನು ದನಿ ಏರಿಸಲಿಲ್ಲ, ಹಿಂದೆ ಸರಿಯಲೂ ಇಲ್ಲ. ಜನ ಬೈದು ದಣಿಯುವ ತನಕ ನಿಂತ. ಆಮೇಲೆ ಆಟ ನಡೆಸಿದ. ಕೆರೂರು ಒಂದು ಗೋಲಿನಿಂದ ಸೋತಿತು.

ಮೈದಾನದ ಮೂಲೆಯ ನಳದಲ್ಲಿ ಅವನು ಮುಖ ತೊಳೆಯುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಬೈಗಳ ತೊಳದ್ರ ಹೋಗ್ತಾವೇನ್ರಿ?"

ತಿರುಗಿ ನೋಡಿದ. ದಾಳಿಂಬೆ ಬಣ್ಣದ ಇಳಕಲ್ ಸೀರೆ, ಕೈಯಲ್ಲಿ ಆಟಗಾರರಿಗೆ ತಂದ ಲಿಂಬೆಹೋಳುಗಳ ತಾಟು. ಬಿಸಿಲಿಗೆ ಸಣ್ಣಗೆ ಮಾಡಿದ ಕಣ್ಣು. ಆ ಕಣ್ಣು ಅವನನ್ನು ಲೆಕ್ಕ ಹಾಕುವಂತೆ ನೋಡುತ್ತಿತ್ತು.

"ನೀವು ಕೆರೂರಿನವರೇನ್ರಿ?"

"ಗುರಪ್ಪನ ಮಗಳು. ಬಾಲವಾಡ್ಯಾಗ ಕಲಸ್ತೇನಿ. ಹೆಸರು ಹುಚ್ಚವ್ವ. ನಗಬ್ಯಾಡ್ರಿ."

"ನಕ್ಕಿಲ್ರಿ."

"ಮೀಸಿ ಅಲಗಾಡಿತು."

ಈ ಸಲ ಅವನು ನಿಜಕ್ಕೂ ನಕ್ಕ. ಅವಳು ತಾಟನ್ನು ಕಟ್ಟೆಯ ಮೇಲಿಟ್ಟು, "ಈಗ ಹೇಳ್ರಿ. ನಮ್ಮಪ್ಪಗ ಹೇಳಿದಂಗ ಅಲ್ಲ, ಸಮಾ ಹೇಳ್ರಿ," ಎಂದಳು.

ಅವನು ಲಿಂಬೆಹೋಳುಗಳನ್ನು ಜೋಡಿಸಿದ. "ಇದು ಗೋಲ್‌ಕೀಪರ್. ಇವ ಬ್ಯಾಕ್. ನಿಮ್ಮಾವ ಚೆಂಡು ಹೊಡೆಯೂ ಹೊತ್ತಿಗೆ ನಿಮ್ಮಣ್ಣನ ಮುಂದ ಕಡಿಮಿ ಅಂದ್ರ ಇವರಿಬ್ಬರು ಇರಬೇಕು. ಗೋಲ್‌ಕೀಪರ್ ಒಬ್ಬನ ಇದ್ದ. ಅಲ್ಲಿಗೆ ತಪ್ಪು ಆಗಿಹೋತು. ಆಮ್ಯಾಲ ಚೆಂಡು ಬ್ಯಾಕಿಗೆ ತಾಗಿ ಹೊಳ್ಳಿದ್ರ ಆ ತಪ್ಪು ಅಳಿಸೂದಿಲ್ಲ. ಬ್ಯಾಕ್ ತಾನ ಬೇಕಂತ ಆ ಚೆಂಡು ಆಡಿದ್ರ ಆ ಮಾತ ಬ್ಯಾರೆ."

"ಕಾಲು ತಾಗಿತೋ, ಕಾಲು ಹಾಕಿದನೋ, ಅದನ್ನ ಯಾರು ಹೇಳಬೇಕು?"

"ರೆಫರಿ."

"ರೆಫರಿ ಏನು ಅವನ ಹೊಟ್ಟ್ಯಾಗ ಹೊಕ್ಕು ನೋಡ್ಯಾನೇನು?"

ಅಮಸಿದ್ದಪ್ಪನ ಕೈ ಲಿಂಬೆಹೋಳಿನ ಮೇಲೆ ನಿಂತಿತು. ಧಾರವಾಡದ ರೆಫರಿ ಶಿಬಿರದಲ್ಲಿ ಇಷ್ಟು ಜನ ಕೂತಿದ್ದರು, ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ಹೊಟ್ಟಿ ಕಾಣೂದಿಲ್ರಿ," ಎಂದ ನಿಧಾನವಾಗಿ. "ಮೈ ಕಾಣತೈತಿ. ಕುರಿ ಹಿಂಡು ಬೆಳಿ ಬದುವಿನ ಮ್ಯಾಲ ಹೊಂಟಿರತೈತಿ. ಹಿಂದಿನ ಕುರಿ ನೂಕಿದ್ದಕ್ಕ ಒಂದು ಜ್ವಾಳದಾಗ ಬೀಳತೈತಿ. ಇನ್ನೊಂದು ತಾನ ಕುತ್ತಿಗಿ ತಿರುವಿ ತೆನಿಗೆ ಬಾಯಿ ಹಾಕತೈತಿ. ಕಾಯೂ ಮನಶಾಗ ಎರಡೂ ಗೊತ್ತಾಗತಾವು."

ಅವಳು ಒಂದು ಹೋಳನ್ನು ಎತ್ತಿ ಹಿಂಡಿ, ಅವನ ಕೈಗೆ ಕೊಟ್ಟಳು.

"ಆ ಬ್ಯಾಕ್, ಚಮನಸಾಬ, ಮಾರಿ ಆ ಕಡೆ ತಿರುವಿ ಕಣ್ಣು ಮುಚ್ಚಿಕೊಂಡಿದ್ದ. ಚೆಂಡು ಹಿಮ್ಮಡಕ್ಕ ಬಡೀತು. ಬೇವಿನ ಗಿಡದ ಬುಡಕ್ಕಿದ್ದೆ, ನಾ ನೋಡೇನಿ. ನಿಮ್ಮದು ಖರೆ ಐತಿ. ನಮ್ಮಪ್ಪಗ ಮಾತ್ರ ಹೇಳಬ್ಯಾಡ್ರಿ."

ಅಷ್ಟು ಹೇಳಿ ತಾಟು ಎತ್ತಿಕೊಂಡು ಹೊರಟಳು. ಕೆರೂರಿನವರು ಬಂದಿದ್ದ ಲಾರಿಯ ಹತ್ತಿರ ಒಮ್ಮೆ ಹೊರಳಿ ನೋಡಿದಳು. ಬಿಸಿಲಿತ್ತು, ಕಣ್ಣು ಸಣ್ಣಗೆ ಮಾಡಿದ್ದಳು. ನೋಡಿದ್ದು ತನ್ನನ್ನೋ ಮೈದಾನವನ್ನೋ ಅವನಿಗೆ ತಿಳಿಯಲಿಲ್ಲ. ಕೈಯಲ್ಲಿ ಲಿಂಬೆಯ ವಾಸನೆ ಹುನಗುಂದದ ತನಕ ಬಂತು.

ಎಲ್ಲರೂ ಚೆಂಡಿನ ಹಿಂದೆ ಓಡುವಾಗ ಒಬ್ಬನ ಕಣ್ಣು ಮುಚ್ಚಿತ್ತು ಎಂದು ನೋಡಿದವಳು. ಅವನು ತರಗತಿಯಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಅದನ್ನೇ ಯೋಚಿಸುತ್ತ, ಅವರನ್ನು ನಿಲ್ಲಿಸಿದ್ದನ್ನೇ ಮರೆಯತೊಡಗಿದ. ಕೊನೆಗೆ ರಾಮಥಾಳಕ್ಕೆ ಹೋಗಿ ಸೋದರತ್ತೆ ಹನಮವ್ವನ ಮುಂದೆ ಕೂತ. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ.

"ಕೆರೂರಿನ ಗುರಪ್ಪನ ಮಗಳನ್ನ ಕೇಳು, ಅತ್ತಿ."

"ನಿನಗ ಬೈದಾನಲ್ಲ, ಆ ಗುರಪ್ಪನ?"

"ಹೂಂ."

"ಮನಿ ಹುಡಕೂದು ಒಂದರೆ ಸಲೀಸ ಆತು," ಎಂದಳು ಹನಮವ್ವ.

ಒಂದೇ ಕುಲ, ಒಂದೇ ದೇವರು ಬೀರಪ್ಪ. ಸಂಬಂಧಕ್ಕೆ ಅಡ್ಡಿಯಾಗುವಂಥದ್ದು ಏನೂ ಇರಲಿಲ್ಲ. ಗುರಪ್ಪ ಬರಹೇಳಿದ, ಸಂತೆಯ ದಿನ.

ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಗೋಡೆಯ ಮಾಡದಲ್ಲಿ ಗೆದ್ದ ಕಪ್ಪುಗಳು ಸಾಲಾಗಿ ನಿಂತಿದ್ದವು. ಹುಚ್ಚವ್ವ ಚಹಾ ತಂದಿಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಹುಡುಗಿಯನ್ನು ನೋಡಲು ಬಂದವನನ್ನು ಹುಡುಗಿಯೇ ನೋಡುತ್ತಿದ್ದಳು. ಅಮಸಿದ್ದಪ್ಪ ಚಹಾದ ಮೇಲಿನ ಕೆನೆಯನ್ನು ಬಹಳ ಹೊತ್ತು ಊದಿದ.

"ಭಾಳ ಬಿಸಿ ಐತೇನ್ರಿ?" ಎಂದಳು ಮೆಲ್ಲಗೆ. "ಸೀಟಿ ಊದಿದಂಗ ಊದಾಕತ್ತೀರಿ."

ಹನಮವ್ವ ಸೆರಗಿನಲ್ಲಿ ನಗೆ ಮುಚ್ಚಿದಳು. ಆಗ ಅಂಗಳಕ್ಕೆ ಯಂಕಪ್ಪ ಬಂದ. ಅವನ ಹಿಂದೆ ಕೆರೂರಿನ ತಂಡದ ಹುಡುಗರು ಬಂದು ಕಟ್ಟೆಯ ಮೇಲೆ ಸಾಲಾಗಿ ಕೂತರು. ಗುರಪ್ಪ ಕರೆಸಿದ್ದ.

"ನೋಡು, ಮಾಸ್ತರ," ಎಂದ ಗುರಪ್ಪ. "ನಿನ್ನ ನೌಕರಿ ಛಲೋ. ಮನಿತನ ಛಲೋ. ವರದಕ್ಷಿಣಿ ಮಾತ ನೀನೂ ಎತ್ತಲಿಲ್ಲ, ನಾನೂ ಎತ್ತೂದಿಲ್ಲ. ಒಂದ ಮಾತು ಕೇಳತೀನಿ. ಈ ಹುಡುಗೂರ ಮುಂದ ಹೇಳು, ಅವತ್ತಿಂದು ಗೋಲು ಅಂತ. ಪಂದ್ಯ ತಿರುಗಿ ಕೊಡು ಅನ್ನೂದಿಲ್ಲ. ಗೋಲು ಅನ್ನು, ಸಾಕು. ಇವತ್ತ ಸಕ್ಕರಿ ಹಂಚಿ ಮದಿವಿ ಮಾತ ಗಟ್ಟಿ ಮಾಡೋಣು."

ಕಟ್ಟೆಯ ಮೇಲಿನ ಹುಡುಗರು ಮುಂದಕ್ಕೆ ಬಾಗಿ ಕೂತರು. ಹೊರಗೆ ಸಂತೆಗೆ ಹೋಗುವ ಬಂಡಿಯ ಸದ್ದು ಕೇಳುತ್ತಿತ್ತು.

ಹನಮವ್ವ ಅವನ ತೊಡೆ ಚಿವುಟಿದಳು. "ಅಂದ ಬಿಡೋ, ಯಪ್ಪಾ. ಮುಗದ ಆಟ ಅದು. ಯಾರಿಗೇನು ನಷ್ಟ?"

ಯಾರಿಗೂ ನಷ್ಟವಿರಲಿಲ್ಲ. ಅದೇ ಆ ಮಾತಿನ ಕಷ್ಟ. ಒಂದು ಶಬ್ದ ಅಂದರೆ ಒಬ್ಬ ಹಿರಿಯನ ಮನಸ್ಸು ತಂಪಾಗುತ್ತದೆ, ಹುಡುಗರು ಖುಷಿಯಾಗುತ್ತಾರೆ, ಆ ಬಾಗಿಲಲ್ಲಿ ನಿಂತವಳು ತನ್ನ ಮನೆಗೆ ಬರುತ್ತಾಳೆ. ಅನ್ನದಿದ್ದರೆ ಅವಳು ಬೇರೆ ಯಾರದೋ ಮನೆಗೆ ಹೋಗುತ್ತಾಳೆ. ಆ ಸಣ್ಣ ಮಾಡಿದ ಕಣ್ಣು ಬೇರೆ ಯಾರನ್ನೋ ಲೆಕ್ಕ ಹಾಕುತ್ತದೆ. ಅವನು ತಲೆಯೆತ್ತಿ ಅವಳನ್ನು ನೋಡಿದ. ಅವಳು ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಚೌಕಟ್ಟನ್ನು ಹಿಡಿದ ಅವಳ ಬೆರಳುಗಳು ಬಿಗಿಯಾಗಿದ್ದವು.

"ಕಾಕಾರ, ನೀವು ಆ ಹೊಡತ ಹುಟ್ಟಿಸಿದವರು," ಎಂದ ಅವನು. "ಸಣ್ಣಾವ ಇದ್ದಾಗ ಹುನಗುಂದದ ಬಯಲಿನ್ಯಾಗ ನಾನೂ ಅದನ್ನ ನೋಡಿ ಚಪ್ಪಾಳಿ ಬಡದೇನಿ. ಆವಾಗ ಅದು ಗೋಲು. ಈಗ ಅಲ್ರಿ. ಚಮನಸಾಬ ಆ ಚೆಂಡು ಆಡಲಿಲ್ಲ, ಅವಗ ತಾಗಿತು. ಗೋಲು ಅನ್ನಾಕ ಬರೂದಿಲ್ಲ."

"ಇಕಿ ಸಿಗೂದಿಲ್ಲ ಅಂದ್ರೂ?"

ಅವನು ಚಹಾದ ಬಟ್ಟಲು ಕೆಳಗಿಟ್ಟ. "ಅಂದ್ರೂ, ಕಾಕಾರ."

ಗುರಪ್ಪ ಹೆಗಲ ಮೇಲಿನ ವಲ್ಲಿ ಬಟ್ಟೆಯನ್ನು ಕೊಡವಿ ಮತ್ತೆ ಹಾಕಿಕೊಂಡ. "ಹಂಗಾರ ಚಾ ಕುಡದು ಹೋಗ್ರಿ," ಎಂದ. ಅದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಗಿಲ ಕಡೆ ನೋಡುವ ಧೈರ್ಯ ಅಮಸಿದ್ದಪ್ಪನಿಗೆ ಆಗಲಿಲ್ಲ. ಚಪ್ಪಲಿ ಮೆಟ್ಟಿದ.

ಬಸ್‌ಸ್ಟ್ಯಾಂಡಿನಲ್ಲಿ ಬಾಗಲಕೋಟೆಯ ಬಸ್ಸು ನಿಂತಿತ್ತು. ಹನಮವ್ವ ಕಿಟಕಿಯ ಪಕ್ಕ ಕೂತು, "ಒಂದ ಶಬ್ದ. ಅಂದಿದ್ರ ನಾಲಿಗಿ ಏನು ಸವೀತಿತ್ತೇನು?" ಎಂದು ಕೆಳಗೆ ನಿಂತವನಿಗೆ ಕೇಳಿಸುವಂತೆ ತನ್ನಷ್ಟಕ್ಕೆ ಅನ್ನುತ್ತಿದ್ದಳು. ಅವನಿಗೆ ಸಂತೆಯ ಜನದ ನಡುವೆ ದಾಳಿಂಬೆ ಬಣ್ಣ ಕಂಡಿತ್ತು.

ಮೆಣಸಿನಕಾಯಿ ರಾಶಿಗಳನ್ನು ದಾಟಿ, ಗುರುತಿನವರ ಅಂಗಡಿಗಳ ಮುಂದೆ ನೇರ ನಡೆದು ಹುಚ್ಚವ್ವ ಬಂದಳು. ಮುಖಕ್ಕೆ ಸೆರಗು ಎಳೆದುಕೊಂಡಿರಲಿಲ್ಲ. ಬಳೆ ಮಾರುವ ಕಾಸಿಂಬಿ, "ಯಾಕವಾ, ಎಲ್ಲಿಗೆ?" ಎಂದು ಕೂಗಿದ್ದಕ್ಕೆ, "ಬಸ್‌ಸ್ಟ್ಯಾಂಡಿಗೆ," ಎಂದು ಅಷ್ಟೇ ದೊಡ್ಡದಾಗಿ ಹೇಳಿದಳು.

"ಸಂತಿಗೆ ಬಂದಿದ್ರೇನು?" ಎಂದ ಅಮಸಿದ್ದಪ್ಪ. ಬೇರೆ ಮಾತು ತೋಚಲಿಲ್ಲ.

"ಇಲ್ರಿ. ಬೇಕಂತ ಬಂದೇನಿ."

ಉಸಿರು ಏರಿತ್ತು. ನಿಂತು ಸುಧಾರಿಸಿಕೊಂಡಳು.

"ನೀವು ಗೋಲು ಅಂದಿದ್ರ ನಾ ಬ್ಯಾಡ ಅಂತಿದ್ದೆ. ಬಾಗಿಲಾಗ ನಿಂತು ಅದನ್ನ ಅಂಜಾಕತ್ತಿದ್ದೆ. ಚಮನಸಾಬ ಕಣ್ಣು ಮುಚ್ಚಿದ್ದು ಸುದ್ದಾ ಅಪ್ಪಗ ಹೇಳಿ ಬಂದೇನಿ. ನನ್ನ ಸಲುವಾಗಿ ಸುಳ್ಳು ಹೇಳಲಾರದಾವ, ನಾಳೆ ನನಗೂ ಸುಳ್ಳು ಹೇಳೂದಿಲ್ಲ. ಇಂಥಾವನ್ನ ಕಳಿಸಿ ಎಂಥಾವನ್ನ ತರತಿ, ಅಂದೆ."

"ಏನಂದ್ರು?"

"ವಲ್ಲಿ ಹುಡುಕಾಕತ್ತಿದ್ದ. ಹೆಗಲ ಮ್ಯಾಲ ಇತ್ತು."

ಅವನು ನಗುವಷ್ಟರಲ್ಲಿ ಗುರಪ್ಪನೇ ಜನರನ್ನು ಸರಿಸುತ್ತ ಬಂದ. ಮುಖ ಕೆಂಪಾಗಿತ್ತು. ಮಗಳನ್ನು ನೋಡಲಿಲ್ಲ. ನೇರ ಅಮಸಿದ್ದಪ್ಪನ ಎದುರು ನಿಂತ.

"ಮಾಸ್ತರ, ನಿನ್ನ ಹೊಸಾ ಕಾಯ್ದೆದಾಗ ಒಂದು ಕೇಳೂದು ಉಳೀತು. ಬ್ಯಾಕ್ ಕಣ್ಣು ಮುಚ್ಚಿಲ್ಲ. ಮಾರಿ ತಿರುವಿಲ್ಲ. ತಾನ ಬೇಕಂತ ಚೆಂಡು ಹಿಂದಕ ಹೊಡದ, ಅಲ್ಲೆ ಎದುರಿನ ಕಡಿಯಾವ ಒಂಟಿ ನಿಂತಾನ. ಅದು ಅವನ ಕಾಲಿಗೆ ಬಂತು. ಆಗ?"

"ಆಗ ಆಫ್‌ಸೈಡ್ ಇಲ್ರಿ, ಕಾಕಾರ. ಆಡಿದಾವ ಬ್ಯಾಕ್. ಚೆಂಡು ಸಿಕ್ಕಾವ ಏನೂ ತಪ್ಪು ಮಾಡಿಲ್ಲ."

"ರೆಫರಿ ಸೀಟಿ ಊದೂ ಹಂಗಿಲ್ಲ?"

"ಇಲ್ರಿ."

ಗುರಪ್ಪ ಆಗ ಮಗಳ ಕಡೆ ತಿರುಗಿದ. ಚಿಕ್ಕವಳಿದ್ದಾಗ ಅವನ ಹೆಗಲ ಮೇಲೆ ಕೂತು ಆಟ ನೋಡಿದವಳು ಅವಳು.

"ಇಕಿ ನಮ್ಮ ಕಡಿಯ ಬ್ಯಾಕ್," ಎಂದ. "ತುಂಬಿದ ಸಂತ್ಯಾಗ, ಎಲ್ಲಾರೂ ನೋಡೂ ಹಂಗ, ಕಣ್ಣು ತೆರಕೊಂಡ ಬಂದಾಳ. ನಾ ಯಾವ ಸೀಟಿ ಊದಲಿ?"

ಹುಚ್ಚವ್ವ ನೆಲ ನೋಡಿದಳು. ಅವಳು ನೆಲ ನೋಡಿದ್ದನ್ನು ಅಮಸಿದ್ದಪ್ಪ ಅದೇ ಮೊದಲ ಸಲ ಕಂಡ.

"ಅವತ್ತಿಂದು ಗೋಲ ಅಂತೀನಿ ನಾ, ಸಾಯೂ ತನಕಾ," ಎಂದ ಗುರಪ್ಪ. "ನೀ ಅಲ್ಲ ಅಂತಿರು. ರವಿವಾರ ರವಿವಾರ ಬಂದು ನನ್ನ ಹುಡುಗೂರಿಗೆ ಅದನ್ನ ಕಲಸು. ಹಳೇ ಹೊಡತ ನಡೆಯೂದಿಲ್ಲಂದ್ರ ಹೊಸಾದು ಒಂದು ಹುಡಕಬೇಕು. ಇಬ್ಬರೂ ಕೂಡಿ ಹುಡಕೂಣು."

"ಆಗಲ್ರಿ, ಮಾವಾರ."

"ಕಾಕಾ ಅಂತಿದ್ದಿ."

"ಈಗ ಮಾವಾರು ಅಂದ್ನಿರಿ. ಬೇಕಂತ."

ಗುರಪ್ಪನ ಮೀಸೆಯೂ ಅಲುಗಾಡಿತು. ಕಂಡಕ್ಟರ್ ಬಾಗಿಲು ಬಡಿದು, "ಬಾಗಲಕೋಟಿ, ಬಾಗಲಕೋಟಿ, ಬರ್ತೀರೇನ್ರಿ ಮಾಸ್ತರ?" ಎಂದ. ಅಷ್ಟರಲ್ಲಿ ಹನಮವ್ವ ಚೀಲ ಹಿಡಿದು ಕೆಳಗೇ ಇಳಿದಿದ್ದಳು. "ನೀ ಹೋಗೋ ತಮ್ಮಾ, ನಮಗ ಇಲ್ಲೆ ಸಕ್ಕರಿ ಐತಿ," ಎಂದಳು.

ಸಂತೆಯ ನಡುವೆ ಮನೆಯ ಕಡೆ ನಡೆದರು. ಗುರಪ್ಪ ಮುಂದೆ, ಅವನ ಹಿಂದೆ ಅಂದಿನ ಗೋಲಿನ ಕಥೆ ಕೇಳುತ್ತ ಹನಮವ್ವ. ಮೆಣಸಿನಕಾಯಿ ರಾಶಿಯ ಹತ್ತಿರ ಜನ ಒತ್ತಿದರು. ಹುಚ್ಚವ್ವನ ಕೈ ಅಮಸಿದ್ದಪ್ಪನ ಕೈಗೆ ಬಡಿಯಿತು.

ಅವನು ಪಕ್ಕಕ್ಕೆ ನೋಡಿದ. ಅವಳು ಮುಂದೆಯೇ ನೋಡುತ್ತಿದ್ದಳು.

"ಏನಂತೀರಿ, ಮಾಸ್ತರ?" ಎಂದಳು ಸಣ್ಣ ದನಿಯಲ್ಲಿ.

"ತಾಗಿತು ಅಂತೇನಿ. ಗದ್ದಲ ಭಾಳ ಐತಿ."

ಕಾಸಿಂಬಿಯ ಬಳೆ ಅಂಗಡಿ ದಾಟಿದ ಮೇಲೆ ಓಣಿ ಅಗಲವಾಯಿತು. ಅಲ್ಲಿ ಜನರಿರಲಿಲ್ಲ, ನೂಕುವವರು ಯಾರೂ ಇರಲಿಲ್ಲ. ಅಲ್ಲಿ ಅವಳ ಕೈ ಮತ್ತೆ ಬಂತು.