ಕೊಟ್ರಮ್ಮನ ಸಾರು

"ಒಂದ ಸಾಲು ಸಾಕವಾ, ನಿನಗ ಹೆಂಗಾರ ಹೊಳಿತೈತಿ," ಎಂದು ಅಂದಾನಪ್ಪ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ತಂಗಿಯ ಪ್ರಾಣ ತಿನ್ನುತ್ತಿದ್ದ. ಅವನ ಬೆರಳು ತೊಡೆಯ ಮೇಲಿನ ಚರ್ಮದ ಹಲಿಗೆ ಬಡಿಯದೆ ಸುಮ್ಮನಿರುತ್ತಿರಲಿಲ್ಲ.

ತಂಗಿ ಅಕ್ಕನಾಗಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಅವಳಿಗೆ ಹತ್ತು ವರ್ಷ. ಎಲ್ಲರೂ ನಾಗಮ್ಮ ಎನ್ನುತ್ತಿದ್ದರು.

ಹೋಳಿಯಲ್ಲಿ ಕಾಮಣ್ಣನನ್ನು ಸುಡುವ ದಿನ ಹೊಸಪೇಟೆಯ ಹುಡುಗರ ಬಾಯಿಗೆ ಲಗಾಮಿಲ್ಲ. ಸುಡಲು ಕಟ್ಟಿಗೆ, ಸಗಣಿ ಕುಳ್ಳು ಕೊಡದ ಮನೆಯ ಮುಂದೆ ನಿಂತು, ಹಲಿಗೆ ಬಡಿದು, ಆ ಮನೆಯವರ ಹೆಸರು ಹಿಡಿದು ಕೂಗುತ್ತಾರೆ. ಏನು ಕೂಗಿದರೂ ಆ ದಿನ ಯಾರೂ ಸಿಟ್ಟಾಗುವಂತಿಲ್ಲ. ಹುಡುಗಿಯರು ಮಾತ್ರ ಕೂಗುವ ಹಾಗಿಲ್ಲ. ಆದರೆ ಪ್ರಾಸ ಕಟ್ಟುವುದು ನಾಗಮ್ಮನಿಗೆ ಬಂದಷ್ಟು ಸಲೀಸಾಗಿ ಆ ಓಣಿಯ ಯಾವ ಹುಡುಗನಿಗೂ ಬರುತ್ತಿರಲಿಲ್ಲ.

ಈ ಸಲ ಕಟ್ಟಿಗೆ ಕೊಡದವಳು ಎದುರುಮನೆಯ ಕೊಟ್ರಮ್ಮ. ಅವಳು ಖಾನಾವಳಿ ನಡೆಸುತ್ತಿದ್ದಳು. ಊರು ಆಗ ಮದ್ರಾಸಿಗೆ ಸೇರಿತ್ತು; ಹೈಸ್ಕೂಲಿನ ದೊಡ್ಡ ಪರೀಕ್ಷೆಗೆ ಮದ್ರಾಸಿನಿಂದ ಪ್ರಶ್ನೆಪತ್ರಿಕೆ ಬರುವ ಕಾಲ ಹತ್ತಿರವಾಗಿತ್ತು. ಸಂಡೂರು, ಕಂಪ್ಲಿಯ ಹುಡುಗರು ಬಂದು ಓಣಿಯ ತುದಿಯ ಛತ್ರ ತುಂಬಿದ್ದರು. ಇಷ್ಟು ಮಂದಿಗೆ ಬೇಯಿಸಬೇಕು, ನಿಮಗೆಲ್ಲಿಂದ ಕೊಡಲಿ ಎಂದು ಕೊಟ್ರಮ್ಮ ಬಾಗಿಲು ಹಾಕಿಕೊಂಡಿದ್ದಳು.

ನಾಗಮ್ಮ ಮೊರದಿಂದ ತಲೆ ಎತ್ತಲೂ ಇಲ್ಲ.

"ಕೊಟ್ರಮ್ಮನ ಸಾರು, ಕಾಲುವಿ ನೀರು."

ಅಂದಾನಪ್ಪ ಹಲಿಗೆ ಎತ್ತಿಕೊಂಡ. ಓಣಿಗೆ ಓಡಿದ.

ಸಂಜೆಯ ಹೊತ್ತಿಗೆ ಓಣಿಯೆಲ್ಲ ಅದೇ. ಹಲಿಗೆಗೂ ಆ ಸಾಲಿಗೂ ಹೇಳಿ ಮಾಡಿಸಿದ ಜೋಡಿ. ಯಾರೋ ಇದ್ದಿಲಿನಿಂದ ಛತ್ರದ ಗೋಡೆಯ ಮೇಲೆ ದೊಡ್ಡದಾಗಿ ಬರೆದೂ ಬಿಟ್ಟರು. ನಾಗಮ್ಮ ಕಿಟಕಿಯಲ್ಲಿ ನಿಂತು ಹಿಗ್ಗಿದಳು. ಒಳಗೆ ಕೂತು ಹೇಳಿದ್ದು ಹೊರಗೆ ಇಷ್ಟು ದೊಡ್ಡದಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಬಣ್ಣ ಆಡಿ, ಮೈ ತೊಳೆದು ಹಬ್ಬ ಮುಗಿಯಿತು. ಉಳಿದ ಮನೆಗಳ ಮೇಲೆ ಕೂಗಿದ್ದನ್ನು ಕೂಗಿದವರೇ ಮರೆತರು. ಇದೊಂದು ಮಾತ್ರ ಉಳಿಯಿತು. ಬೇವಿನ ಹೂ ಉದುರುವ ಕಾಲುವೆ ದಂಡೆಯ ಮೇಲೆ ಛತ್ರದ ಹುಡುಗರು ಪುಸ್ತಕ ಹಿಡಿದು, ರಾಜರನ್ನೂ ತ್ರಿಕೋನಗಳನ್ನೂ ಗಟ್ಟಿಯಾಗಿ ಉರು ಹೊಡೆಯುತ್ತ ಅತ್ತಿಂದಿತ್ತ ಓಡಾಡುತ್ತಿದ್ದರು. ಬಾಯಿ ಒಣಗಿದಾಗ ಒಬ್ಬ "ಕೊಟ್ರಮ್ಮನ ಸಾರು" ಎನ್ನುವನು. ಆಚೆ ದಂಡೆಯವನು ಕಾಲುವೆಯನ್ನೇ ತೋರಿಸುವನು.

ನಗುತ್ತ ನಗುತ್ತಲೇ ಅವರು ಒಬ್ಬೊಬ್ಬರಾಗಿ ಸ್ಟೇಷನ್ ಹತ್ತಿರದ ಹೋಟ್ಲಿಗೆ ಹೋಗತೊಡಗಿದರು. ಹೊಸದಾಗಿ ಬಂದವರು ಗೋಡೆ ಓದಿ, ನೇರ ಅತ್ತಲೇ ನಡೆದರು.

ಹಿಂಗಾದರೆ ಕೊಟ್ರಮ್ಮ ಒಲೆ ಆರಿಸಿ ಕಡ್ಡಿರಾಂಪುರಕ್ಕೆ, ತಮ್ಮನ ಮನೆಗೆ ಹೋಗಬೇಕಾಗುತ್ತದೆ ಎಂದು ಅವ್ವ ಅಪ್ಪನಿಗೆ ಹೇಳುತ್ತಿದ್ದದ್ದು ನಾಗಮ್ಮನ ಕಿವಿಗೆ ಬಿತ್ತು.

ಆಮೇಲೆ ಅವಳು ಕೂತಲ್ಲಿ ಕೂರಲಿಲ್ಲ. ಶಾಲೆಯಲ್ಲಿ ಮಗ್ಗಿ ತಪ್ಪಿದಳು. ಮನೆಗೆ ಬಂದು, ಹುಡುಗರ ಬಾಯಿಂದ ಆ ಸಾಲು ಬಿಡಿಸು ಎಂದು ಅಣ್ಣನ ಬೆನ್ನು ಹತ್ತಿದಳು.

"ನಾ ಹೆಂಗ ಬಿಡಿಸಲಿ? ಅದೀಗ ಊರ ಮಾತು," ಎಂದ ಅಂದಾನಪ್ಪ.

ಅವಳು ಹೊಸದೊಂದು ಕಟ್ಟಿಕೊಟ್ಟಳು: ಕೊಟ್ರಮ್ಮನ ಊಟ, ದಿನಾ ಹಬ್ಬದೂಟ. ಅಂದಾನಪ್ಪ ಒಂದು ಸಲ ಹಲಿಗೆಗೆ ಹೊಂದಿಸಿ ನೋಡಿ, ಇದರಲ್ಲಿ ಖಾರವಿಲ್ಲ ಎಂದು ಆಕಳಿಸಿದ.

ಮರುದಿನ ಮಧ್ಯಾಹ್ನ ನಾಗಮ್ಮ ಛತ್ರದ ಜಗಲಿ ಹತ್ತಿದಳು. ಐದಾರು ಹುಡುಗರು ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

"ಗ್ವಾಡಿ ಮ್ಯಾಲಿಂದು ನಾ ಕಟ್ಟಿದ್ದು," ಎಂದಳು. "ಅದು ಸುಳ್ಳೈತ್ರಿ."

ಅವರಿಗೆ ನಗು ಬಂತು. ಸಂಡೂರಿನ ಚನ್ನಯ್ಯ ಎಂಬ ಎತ್ತರದ ಹುಡುಗ ಪುಸ್ತಕ ಮಡಚಿದ. "ಹಂಗಾರ ಖರೇದು ಹೇಳು. ಸಾರು ಹೆಂಗಿರತೈತಿ?"

ಮನೆಯಲ್ಲಿ ಊಟವಿದ್ದವರು ಖಾನಾವಳಿಗೆ ಹೋಗುವುದಿಲ್ಲ. ನಾಗಮ್ಮ ಆ ಸಾರನ್ನು ಒಮ್ಮೆಯೂ ಉಂಡಿರಲಿಲ್ಲ.

"ಗೊತ್ತಿಲ್ರಿ."

ಜಗಲಿ ಇನ್ನೂ ಜೋರಾಗಿ ನಕ್ಕಿತು. ಚನ್ನಯ್ಯ ಮಾತ್ರ ಕಿವಿ ಕೆರೆದುಕೊಂಡ. ಅವನೂ ಉಂಡಿರಲಿಲ್ಲ.

ನಾಗಮ್ಮ ಅಲ್ಲಿಂದ ಓಡಿದವಳು ಸೀದಾ ಕೊಟ್ರಮ್ಮನ ಮನೆಯೊಳಗೇ ಹೋಗಿ ನಿಂತಳು. ಊಟ ಹಾಕ್ರಿ ಎಂದಳು. ನಿಮ್ಮ ಮನೆಯಲ್ಲಿ ಇವತ್ತು ಒಲೆ ಹಚ್ಚಿಲ್ಲವೇನು ಎಂದು ಕೇಳುತ್ತಲೇ ಕೊಟ್ರಮ್ಮ ತಟ್ಟೆ ಇಟ್ಟಳು. ಉದ್ದನೆಯ ಪಡಸಾಲೆಯಲ್ಲಿ ಇನ್ನೊಂದು ತಟ್ಟೆಯಿರಲಿಲ್ಲ.

ಸಾರು ಅನ್ನದ ಸುತ್ತ ಹರಿದು ತಟ್ಟೆಯ ಅಂಚು ಮುಟ್ಟಿತು. ನಾಗಮ್ಮ ಬಾಯಿಗಿಟ್ಟಳು. ನೀರು. ಬರೀ ನೀರು.

"ತೆಳ್ಳಗೈತಿ, ನನಗೂ ಗೊತ್ತು," ಎಂದಳು ಕೊಟ್ರಮ್ಮ, ಒಲೆಯ ಕಡೆಯಿಂದ ತಿರುಗದೆ. "ಎಷ್ಟು ಮಂದಿ ಬರ್ತಾರೋ ತಿಳಿಯಂಗಿಲ್ಲ. ಒಂದು ಹಿಡಿ ಬ್ಯಾಳಿ ಹಾಕಿ, ಯಾರರ ಬಂದ್ರ ಸಾಲಲಿ ಅಂತ ನೀರು ಸುರೀತೀನಿ. ಮೊದಲ ಹಿಂಗಿದ್ದಿಲ್ಲ."

ಅವತ್ತು ಆ ಸಾಲು ಸುಳ್ಳಾಗಿತ್ತು. ಈಗ ಸುಳ್ಳಾಗಿರಲಿಲ್ಲ.

"ಅತ್ತೀ, ಆ ಸಾಲು..."

"ಗೊತ್ತೈತಿ ಬಿಡು. ನಿಮ್ಮಣ್ಣಗ ಅಷ್ಟು ಚಂದ ಕಟ್ಟಾಕ ಎಲ್ಲಿ ಬರತೈತಿ?"

ಬಾಗಿಲಲ್ಲಿ ನೆರಳು ಬಿತ್ತು. ಚನ್ನಯ್ಯ, ಅವನ ಹಿಂದೆ ಇನ್ನಿಬ್ಬರು. ಒಳಗೆ ಕಾಲಿಡದೆ, ಈಗ ಹೇಳು, ಹೆಂಗೈತಿ ಎಂದು ಕೇಳಿದ.

'ಭಾಳ ಚಲೋ ಐತಿ' ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ನಾಗಮ್ಮ ಅದನ್ನು ಅನ್ನದ ಜೊತೆ ನುಂಗಿಕೊಂಡಳು.

"ಇವತ್ತು ತೆಳ್ಳಗೈತಿ," ಎಂದಳು, ಒಂದೊಂದೇ ಮಾತು ಹುಡುಕುತ್ತ. "ನಾಳಿ ಬರ್ತೀವಿ ಅಂತ ಇವತ್ತ ಹೇಳಿ ಹೋದ್ರ, ನಾಳಿ ಹಿಂಗಿರಂಗಿಲ್ಲ."

ಕೊಟ್ರಮ್ಮ ಸೌಟು ಹಿಡಿದೇ ಬಾಗಿಲ ಕಡೆ ತಿರುಗಿದಳು.

"ಮೂರು ಮಂದಿ ಬರ್ತೀವ್ರಿ ನಾಳಿ," ಎಂದ ಚನ್ನಯ್ಯ ಕೊಟ್ರಮ್ಮನಿಗೆ. ಆಮೇಲೆ ನಾಗಮ್ಮನ ಕಡೆ ತಿರುಗಿ, ತೆಳ್ಳಗಿದ್ದರೆ ನಿನ್ನ ಹೆಸರಿಗೂ ಒಂದು ಸಾಲು ಕಟ್ಟುತ್ತೇವೆ ಎಂದು ಹೆದರಿಸಿ ಹೋದ.

ಹೊರಗೆ ಯಾರೋ ಸಣ್ಣ ಮಕ್ಕಳು ಹಳೆಯ ಸಾಲನ್ನೇ ಕೂಗುತ್ತ ಓಡಿದರು. ಅದು ಓಣಿಯ ತಿರುವು ದಾಟಿ ಕೇಳಿಸದಂತಾಗುವವರೆಗೆ ನಾಗಮ್ಮ ಕಿವಿಗೊಟ್ಟು ಕೇಳಿದಳು. ಆಮೇಲೆ ತಟ್ಟೆಯನ್ನು ಮುಂದಕ್ಕೆ ಸರಿಸಿ, ಇನ್ನೊಂದು ಸೌಟು ಸಾರು ಕೇಳಿದಳು.