ಒಂದ ವಾರ ಸಾಕು

"ಜರಾ ಥಾಂಬ್ರಿ... ನಾ ಇನ್ನೂ ನಮಸ್ಕಾರ ಮಾಡ್ಲಿಕತ್ತೀನಿ..."

ಅವನ ಮಾತು ಮುಗಿಯುವ ಮೊದಲೇ ಅನುಜಾಳ ಕತ್ತಿ ಬೀಸಿಯಾಗಿತ್ತು. ಟಿವಿ ಪರದೆಯ ಮೇಲೆ ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದ ನೀಲಿ ಅಂಗಿಯ ಸಾಮುರಾಯಿ, ಬಗ್ಗಿದವನು ಬಗ್ಗಿದಂತೆಯೇ ಹಿಮದ ಮೇಲೆ ಉರುಳಿದ.

ಅನುಜಾ ರಿಮೋಟು ಕೈಯಲ್ಲೇ ಹಿಡಿದು ಪಕ್ಕಕ್ಕೆ ತಿರುಗಿದಳು. ಸೋಲಿಸಿದ್ದಕ್ಕಲ್ಲ, ಕನ್ನಡ ಕಿವಿಗೆ ಬಿದ್ದದ್ದಕ್ಕೆ!

ಅದು ೨೦೦೧ರ ಒಂದು ಗುರುವಾರ. ಪುಣೆಯ ಹತ್ತಿರದ ನಿಗಡಿಯಲ್ಲಿ ಅವಧೂತನ ವಿಡಿಯೊ ಗೇಮ್ ಪಾರ್ಲರ್ ಕಿಕ್ಕಿರಿಯುವುದು ಅವತ್ತೇ, ಯಾಕೆಂದರೆ ಆ ಕಡೆಯ ಕಾರ್ಖಾನೆಗಳಿಗೆ ರಜೆ ಗುರುವಾರ. ಚಾಕಣದ ಕಾರ್ಖಾನೆಯಲ್ಲಿ ಉಳಿದ ಆರು ದಿನ ಬೋಲ್ಟುಗಳ ಅಳತೆ ನೋಡುವ ಅನುಜಾಳಿಗೆ ಅದೊಂದು ದಿನ ಕತ್ತಿ ಹಿಡಿಯುವ ಭಾಗ್ಯ. ಅವತ್ತು ಅವಳ ಜೊತೆ ಆಡಲು ಯಾರೂ ಒಪ್ಪದಿದ್ದಾಗ ಅವಧೂತ ಈ ಅಪರಿಚಿತನನ್ನು ಪಕ್ಕದ ಸ್ಟೂಲಿನ ಮೇಲೆ ತಂದು ಕೂಡಿಸಿದ್ದ.

"ಕತ್ತಿ ಹಿಡದ ಮ್ಯಾಲೆ ನಮಸ್ಕಾರ ಎಂಥಾದ್ರೀ?" ಎಂದಳು.

"ಅದು ಪದ್ಧತಿರೀ. ಹೊಡ್ಯೂಕಿಂತ ಮೊದಲ ಎದುರಿನವರಿಗೆ ಮರ್ಯಾದಿ ಕೊಡಬೇಕು."

"ಮರ್ಯಾದಿ ಕೊಟ್ಟು ಸತ್ರಿ, ನೋಡ್ರಿ."

ಅವನು ನಕ್ಕುಬಿಟ್ಟ. ಸೋತವನು ಇಷ್ಟು ಚೆಂದ ನಗಬಹುದೆಂದು ಅನುಜಾಳಿಗೆ ಗೊತ್ತಿರಲಿಲ್ಲ. ಎದೆಯೊಳಗೆ ಏನೋ ತಪ್ಪಿ ಹೋಯಿತು. ಅದನ್ನು ಮುಚ್ಚಿಕೊಳ್ಳಲು ಕೇಳಿದಳು. "ತಡೀರಿ ಅನ್ನೂದಕ್ಕ ಥಾಂಬ್ರಿ ಅಂತೀರಲ್ಲ, ಅದು ಯಾವ ಊರಿನ ಕನ್ನಡ?"

"ಇದ ಊರಿಂದು. ನಿಗಡಿ ಕನ್ನಡ."

ಹೆಸರು ರಾಜೀವ. ಅಪ್ಪ ಅಮ್ಮ ಬೆಳಗಾವಿಯವರು, ಆದರೆ ಅವನು ಹುಟ್ಟಿದ್ದು ನಿಗಡಿಯಲ್ಲಿ, ಓದಿದ್ದು ಮರಾಠಿ ಶಾಲೆಯಲ್ಲಿ. ಚಿಂಚವಾಡದಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ. ಅವನ ಕನ್ನಡದಲ್ಲಿ ಕ್ರಿಯಾಪದ ಕನ್ನಡದ್ದು, ಉಳಿದದ್ದೆಲ್ಲ ದೇವರಿಗೇ ಪ್ರೀತಿ. ತಾಯಿಯೊಂದಿಗೆ ಧಾರವಾಡ ಬಿಟ್ಟು ಬಂದು ನಾಲ್ಕು ವರ್ಷವಾಗಿದ್ದ ಅನುಜಾಳಿಗೆ ಆ ಕಲಬೆರಕೆ ಕೇಳಿ ನಗು ತಡೆಯಲಾಗುತ್ತಿರಲಿಲ್ಲ.

ಮುಂದಿನ ಗುರುವಾರವೂ ಅವನು ಬಂದ. ಅದರ ಮುಂದಿನದ್ದೂ...

ಆ ಆಟದಲ್ಲಿ ಪ್ರಾಣ ಎಷ್ಟು ಉಳಿದಿದೆ ಎಂದು ತೋರಿಸುವ ಪಟ್ಟಿ ಇರಲಿಲ್ಲ. ಸರಿಯಾದ ಜಾಗಕ್ಕೆ ಒಂದು ಏಟು ಬಿದ್ದರೆ ಅಲ್ಲಿಗೆ ಮುಗಿಯಿತು. ಪಾರ್ಲರಿಗೆ ಬರುವವರೆಲ್ಲ ಎಲ್ಲ ಬಟನ್ನುಗಳನ್ನೂ ಒಟ್ಟಿಗೆ ಕುಟ್ಟುತ್ತಿದ್ದರು. ಇವರಿಬ್ಬರು ಮಾತ್ರ ಹಿಮದಲ್ಲಿ ಸುಮ್ಮನೆ ನಿಲ್ಲುತ್ತಿದ್ದರು.

"ಹೊಡ್ಯೂದು ಯಾವ ಗೇಮಿನಾಗರ ಸಿಗತದ," ಎಂದ ರಾಜೀವ ಒಂದು ದಿನ. "ನನಗ ಬೇಕಾಗಿದ್ದು ಅದರ ಮುಂಚಿಂದು. ಇಬ್ರೂ ಉಸಿರು ಹಿಡಕೊಂಡು ನಿಂತಿರ್ತಾರಲ್ಲ... ಎದುರಿಗೆ ಇದ್ದವರು ನನ್ನನ್ನ ಪೂರಾ ನೋಡ್ಲಿಕತ್ತಾರ ಅನ್ನಸ್ತದ. ಅದಕ್ಕ ಬರ್ತೀನಿ ನಾ."

ಅನುಜಾಳ ಕೆನ್ನೆ ಬಿಸಿಯಾಯಿತು. ಟಿವಿಯಿಂದ ಕಣ್ಣು ಕೀಳದೆ ಹೇಳಿದಳು. "ನನಗ ಇನ್ನೊಂದು ಬಟನ್ ಬೇಕಾಗಿತ್ತು. ಕತ್ತಿ ವಾಪಸ್ ಒರಿಯೊಳಗ ಇಡೂದು. ಯಾರೂ ಬೀಳದಂಗ ಆಟ ಮುಗೀಬೇಕು."

"ಅಂಥಾ ಬಟನ್ ಇಲ್ರಿ."

"ಗೊತ್ತದ. ಬೇಕಾಗಿತ್ತು ಅಂದೆ, ಅಷ್ಟ."

ಅವನು ಬಹಳ ಹೊತ್ತು ಅವಳನ್ನೇ ನೋಡಿದ. ಅವತ್ತು ಅವನ ಸಾಮುರಾಯಿ ಮೂರು ಸಲ ಸತ್ತ.

ಹನ್ನೆರಡನೆಯ ಗುರುವಾರ ಅನುಜಾ ಗಟ್ಟಿ ಮನಸ್ಸು ಮಾಡಿದ್ದಳು. ತಾಯಿ ರಂಗೂಬಾಯಿ ಚಿಂಚವಾಡದ ಬ್ಯಾಂಕಿನ ಹುಡುಗನೊಬ್ಬನ ಜಾತಕ ಹಿಡಿದು ದಿನವೂ ಬೆನ್ನು ಹತ್ತಿದ್ದರು. 'ಇವತ್ತು ಸಂಜೆ ಅವ್ವನಿಗೆ ರಾಜೀವನ ವಿಷಯ ಹೇಳಿಯೇಬಿಡಬೇಕು... ಅದಕ್ಕೂ ಮೊದಲು ಅವನ ಬಾಯಿಂದ ಒಂದು ಮಾತು ಕೇಳಬೇಕು.' ಹೀಗೆಂದುಕೊಂಡು ಅರ್ಧ ಗಂಟೆ ಮೊದಲೇ ಹೋದಳು.

ಪಾರ್ಲರಿನ ಹೊರಗಿನ ಕಾಯಿನ್ ಬಾಕ್ಸ್ ಫೋನಿನಲ್ಲಿ ರಾಜೀವ ತನ್ನ ಗೆಳೆಯ ಗುರಣ್ಣನ ಜೊತೆ ಮಾತಾಡುತ್ತಿದ್ದ. ಬೆನ್ನು ಈ ಕಡೆಗಿತ್ತು.

"ಆಕೀಗೆ ಹೆಚ್ಚು ಬೇಕಾಗಂಗಿಲ್ಲೋ ಗುರಣ್ಣ. ಒಂದ ವಾರ ಸಾಕು. ಅಲ್ಲಿಗೆ ಖೇಲ ಖತಂ!" ಎಂದು ನಗುತ್ತಿದ್ದ.

ಒಂದು ವಾರ...

ಅನುಜಾಳ ಕಾಲು ಅಲ್ಲೇ ನಿಂತಿತು. ಇನ್ನೊಂದು ವಾರ ಆಡಿಸಿ ಬಿಟ್ಟುಬಿಡುವ ಲೆಕ್ಕವೇ ಇದು? ಹನ್ನೊಂದು ಗುರುವಾರ ತಾನು ಕೂತದ್ದು ಮನುಷ್ಯನ ಪಕ್ಕದಲ್ಲೋ, ಬರೀ ಆಟಗಾರನ ಪಕ್ಕದಲ್ಲೋ? ಬಂದ ದಾರಿಯಲ್ಲೇ ಹಿಂದಿರುಗಿದಳು. ಬಸ್‌ಸ್ಟಾಪಿನವರೆಗೆ ಹೇಗೋ ತಡೆದ ಅಳು ಅಲ್ಲಿ ತಡೆಯಲಿಲ್ಲ.

ಆ ರಾತ್ರಿ ಊಟದ ತಟ್ಟೆಯ ಮುಂದೆ ಹೇಳಿದಳು. "ಬರಲಿ ಅವ್ವಾ. ಆ ಬ್ಯಾಂಕಿನ ಹುಡುಗ ನೋಡ್ಲಿಕ್ಕೆ ಬರಲಿ."

ರಂಗೂಬಾಯಿ ಮಗಳ ಮುಖ ನೋಡಿದರು. ಒಪ್ಪಿದ್ದೇ ಸಾಕೆಂದು ಇನ್ನೊಂದು ರೊಟ್ಟಿ ಬಡಿಸಿದರು.

ಮೂರು ಗುರುವಾರ ಅನುಜಾ ಪಾರ್ಲರಿನ ಬೀದಿಗೇ ಕಾಲಿಡಲಿಲ್ಲ. ನಾಲ್ಕನೆಯ ಗುರುವಾರ ಸಂಜೆ ಐದಕ್ಕೆ ಗಂಡಿನವರು ಬರುವುದೆಂದು ನಿಶ್ಚಯವಾಯಿತು. ಮೂರು ಗಂಟೆಗೆ ಅಡಿಗೆಮನೆಯಿಂದ ರಂಗೂಬಾಯಿಯ ದನಿ ಬಂತು. "ಅನೂ, ಅವಲಕ್ಕಿಗೆ ಕೊತಂಬ್ರಿ ಇಲ್ಲ. ಲಗೂನ ತಗೊಂಡು ಬಾ."

ತರಕಾರಿ ಗಾಡಿಯ ಮುಂದೆ ಸಿಕ್ಕವನು ಅವಧೂತ. ನೋಡಿದ್ದೇ ಮರಾಠಿಯಲ್ಲಿ ತರಾಟೆಗೆ ತೆಗೆದುಕೊಂಡ. ಎಲ್ಲಿ ಮಾಯವಾದಿರಿ? ರಾಜೀವ ನಾಲ್ಕು ವಾರದಿಂದ ಯಾರ ಜೊತೆಗೂ ಆಡುತ್ತಿಲ್ಲ. ಬರುತ್ತಾನೆ, ನಿಮ್ಮ ಸ್ಟೂಲಿನ ಮೇಲೆ ಯಾರನ್ನೂ ಕೂಡಗೊಡುವುದಿಲ್ಲ, ಬಾಡಿಗೆ ಕೊಟ್ಟು ಖಾಲಿ ಹಿಮ ನೋಡಿಕೊಂಡು ಹೋಗುತ್ತಾನೆ. ಕೇಳಿದವರಿಗೆಲ್ಲ ನಿಮ್ಮ ಕತ್ತಿಯದೇ ಬಡಾಯಿ...

"ತಿಚಾ ಏಕ್ ವಾರ್ ಪುರೇ, ಖೇಳ್ ಖಲಾಸ್! ಹೆಚ್ ಸಾಂಗತೋ ಸಗಳ್ಯಾಂನಾ."

ಅವಳ ಒಂದು ಏಟು ಸಾಕು, ಆಟ ಮುಗಿಯಿತು. ಎಲ್ಲರಿಗೂ ಇದನ್ನೇ ಹೇಳುತ್ತಾನೆ.

ಕೊತ್ತಂಬರಿ ಸಿವುಡು ಅನುಜಾಳ ಕೈಯಿಂದ ಜಾರಿತು.

ಏಕ್ ವಾರ್... ಮರಾಠಿಯ ವಾರ! ಕತ್ತಿಯ ಏಟು! ನಾಲ್ಕು ವರ್ಷ ಕಾರ್ಖಾನೆಯಲ್ಲಿ ಹಗಲೆಲ್ಲ ಮರಾಠಿ ಆಡಿಯೂ, ಕನ್ನಡದ ಮಾತಿನ ನಡುವೆ ಬಂದ ಆ ಮರಾಠಿ ಶಬ್ದವನ್ನು ತಾನು ಏಳು ದಿನದ ವಾರವೆಂದು ತಿಳಿದು ಬಿಟ್ಟಿದ್ದಳಲ್ಲ! ಅವನ ನಿಗಡಿ ಕನ್ನಡಕ್ಕೆ ನಕ್ಕವಳೇ ಅದರಲ್ಲಿ ಮುಗ್ಗರಿಸಿದ್ದಳು.

ಬಿದ್ದ ಸಿವುಡನ್ನು ಎತ್ತಿಕೊಂಡು ಮನೆಯ ಕಡೆ ಅಲ್ಲ, ಪಾರ್ಲರಿನ ಕಡೆ ನಡೆದಳು. ನಡೆದಳು ಎನ್ನುವುದಕ್ಕಿಂತ ಓಡಿದಳು.

ರಾಜೀವ ಮೂಲೆಯ ಟಿವಿಯ ಮುಂದೆ ಕೂತಿದ್ದ. ಪಕ್ಕದ ಸ್ಟೂಲಿನ ಮೇಲೆ ಎರಡನೆಯ ರಿಮೋಟು. ಅನುಜಾ ಅದನ್ನೆತ್ತಿಕೊಂಡು ಕೂತಳು. ಅವನು ಆಟ ಶುರುಮಾಡಿದ.

ನೀಲಿ ಅಂಗಿಯವನು ಎಂದಿನಂತೆ ಬಗ್ಗಿ ನಮಸ್ಕರಿಸಿದ.

ಮೊದಲ ಸಲ ಅನುಜಾಳ ಕೆಂಪು ಅಂಗಿಯವಳೂ ಬಗ್ಗಿದಳು.

ನಂತರ ಇಬ್ಬರೂ ನಿಂತರು. ಯಾರೂ ಕತ್ತಿ ಎತ್ತಲಿಲ್ಲ. ಒಂದು ನಿಮಿಷ... ಎರಡು... ಹಿಮ ಸುರಿಯುತ್ತಲೇ ಇತ್ತು.

"ಒರಿಯೊಳಗ ಇಡೂ ಬಟನ್ ಭಾಳ ಹುಡಕಿದೆ," ಎಂದ ರಾಜೀವ ಮೆಲ್ಲಗೆ. "ಸಿಗಲಿಲ್ಲ. ಆದ್ರ ಹಿಂಗ ಯಾರೂ ಹೊಡೀದ ನಿಂತ್ರ, ಯಾರೂ ಬೀಳಂಗಿಲ್ರಿ."

ಅನುಜಾಳ ಕಣ್ಣು ತುಂಬಿತು. ಫೋನಿನ ಮಾತು ಕೇಳಿಸಿದ್ದು, ವಾರ ಎಂದರೆ ತಾನು ತಿಳಿದದ್ದು, ಎಲ್ಲ ಹೇಳಿದಳು. ಅವನು ಹಣೆ ಹಿಡಿದುಕೊಂಡು ಕೇಳಿದ.

"ಐದಕ್ಕ ನನ್ನ ನೋಡ್ಲಿಕ್ಕೆ ಬರ್ತಾರ," ಎಂದಳು ಕೊನೆಗೆ.

ಅವನ ಮುಖದ ಬಣ್ಣ ಹೋಯಿತು. "ಥಾಂಬ್ರಿ ಅನುಜಾ... ಜರಾ ಥಾಂಬ್ರಿ."

"ಎಷ್ಟು ವಾರ?"

"ಯಾವ ವಾರ ಕೇಳ್ತೀರಿ? ಮರಾಠಿದಾ, ಕನ್ನಡದ್ದಾ?"

"ಎರಡೂ."

"ಮರಾಠಿದು ಒಂದ ಸಾಕು. ಅದು ಮೊದಲನೇ ದಿನಾನ ಬಿದ್ದದ, ನಮಸ್ಕಾರ ಮಾಡೂ ಮುಂದ." ಅವನು ಅವಳ ಕಡೆ ತಿರುಗಿದ. "ಕನ್ನಡದ್ದು ಮಾತ್ರ... ನಿಮ್ಮ ಹತ್ರ ಇರೂವಷ್ಟೂ ನನಗ ಬೇಕು."

ಅನುಜಾ ರಿಮೋಟನ್ನು ಸ್ಟೂಲಿನ ಮೇಲಿಟ್ಟು ಎದ್ದಳು. ಹೊರಗೆ ಹೋಗಿ ಅದೇ ಕಾಯಿನ್ ಬಾಕ್ಸಿನಿಂದ ಮನೆಗೆ ಫೋನು ಮಾಡಿದಳು. ರಾಜೀವನಿಗೆ ಗಾಜಿನ ಆಚೆ ಅವಳ ತುಟಿ ಅಲ್ಲಾಡುವುದಷ್ಟೇ ಕಾಣಿಸಿತು. ಬಹಳ ಹೊತ್ತು ಮಾತಾಡಿದಳು. ನಡುವೆ ಕಣ್ಣೊರೆಸಿಕೊಂಡಳು. ಕೊನೆಗೆ ನಕ್ಕಳು.

ಒಳಗೆ ಬಂದಾಗ ಇಬ್ಬರು ಸಾಮುರಾಯಿಗಳೂ ಹಿಮದಲ್ಲಿ ಹಾಗೇ ನಿಂತಿದ್ದರು.

"ಏನಂದ್ರು?"

"ಮೊದಲು ಬೈದಳು. ಆಮ್ಯಾಲೆ, ಅವರಿಗೆ ಬರಬ್ಯಾಡ್ರಿ ಅಂತ ತಾನ ಫೋನ್ ಮಾಡ್ತೀನಿ ಅಂದ್ಲು. ಆದ್ರ ಅವಲಕ್ಕಿ ತೋಯಿಸಿ ಆಗೇದಂತ. ತಿನ್ನಲಿಕ್ಕೆ ಯಾರರ ಬೇಕಂತ."

"...ನಾ ಬರ್ಲಿ?"

"ಬರ್ರಿ. ಬಾಗಲದಾಗ ಮೊದಲ ನಮಸ್ಕಾರ ಮಾಡ್ರಿ." ಅನುಜಾ ಕೊತ್ತಂಬರಿ ಸಿವುಡನ್ನು ಅವನ ಕೈಗಿತ್ತಳು. "ನಮ್ಮವ್ವ ನನ್ನಂಗಲ್ಲ. ನೀವು ಬಗ್ಗಿ ಏಳೂತನಕ ಕಾಯ್ತಾಳ."